ಸದ್ಯಕ್ಕೆ ಎರಡು ಚಮಚ ಅರಿಶಿನ

ಕೈಮರ ಚೆಕ್‌ಪೋಸ್ಟ್ ದಾಟಿ ನಾಲ್ಕೈದು ತಿರುವು ಹತ್ತಿರಬಹುದು. ಹಿಂದಿನ ಸೀಟಿನಿಂದ ಭಾಮೈದ, ‘ಭಾವ, ಮಂಜು ಎಷ್ಟು ಚೆನ್ನಾಗಿ ಬರ್ತಿದೆ ನೋಡಿ’ ಅಂದ. ಮಂಜು ಬರುತ್ತಿದ್ದದ್ದು ನಮ್ಮ ಕಾರಿನ ಬಾನೆಟ್ಟಿನಿಂದ.

ಏಪ್ರಿಲ್ ತಿಂಗಳು. ಹಾಸನದಿಂದ ಬೇಲೂರು ಮೇಲೆ ಬಂದು, ಚಿಕ್ಕಮಗಳೂರಲ್ಲಿ ತಿಂಡಿ ತಿಂದು, ಮುಳ್ಳಯ್ಯನಗಿರಿಗೆ ಹೊರಟಿದ್ದೆವು. ಐದು ಜನ, ಐದು ಜನರ ಬುತ್ತಿ, ಸಾಲದ್ದಕ್ಕೆ ಏಸಿ. ಹಳೇ ಕಾರು ಎಷ್ಟು ಅಂತ ತಡೆದೀತು? ಮುಳ್ಳಯ್ಯನನ್ನು ನೋಡುವ ಮೊದಲೇ ಮೀಟರಿನ ಮುಳ್ಳು ಕೆಂಪು ಗೆರೆ ಮುಟ್ಟಿತ್ತು.

ಬಾನೆಟ್ ಎತ್ತಿ, ದೊಡ್ಡ ತಿಳಿದವನ ಹಾಗೆ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಿದೆ. ಹಿಂದೆ ನಿಂತ ಜೀಪಿನ ಡ್ರೈವರ್ ಅಲ್ಲಿಂದಲೇ ಕೂಗಿದ: ‘ಮುಟ್ಬೇಡಿ ಸಾರ್! ಮುಖ ಬೆಂದೋಗ್ತದೆ.’

ಅರ್ಧ ಗಂಟೆ ಸುಮ್ನೆ ಕೂತೆವು. ಎಂಜಿನ್ ಆರಿದ ಮೇಲೆ ಅವನು ಬಗ್ಗಿ ನೋಡಿ, ರೇಡಿಯೇಟರಿನ ಕೆಳಗಡೆ ಮೂಲೆ ತೋರಿಸಿದ. ಸೂಜಿ ಚುಚ್ಚಿದಷ್ಟು ತೂತು. ಅದರಿಂದ ದಾರದೆಳೆ ಹಾಗೆ ನೀರು. ಇಷ್ಟೇ ಇಷ್ಟು ತೂತಿಗೆ ಐದು ಜನರ ಪ್ರವಾಸ ನಿಂತಿತ್ತು. ಅವನು ಎದ್ದು ನಿಂತು ನನ್ನ ಹೆಂಡತಿಯ ಕಡೆ ತಿರುಗಿ, ‘ಅಕ್ಕಾ, ಅರಿಶಿನ ಇದ್ಯಾ?’ ಅಂದ.

ಇತ್ತು. ಪೂಜೆ ಬುಟ್ಟಿಯಲ್ಲಿ, ಕುಂಕುಮದ ಪಕ್ಕದಲ್ಲೇ.

‘ಅದು ಸ್ವಾಮಿಗೆ ತಂದಿದ್ದು ಕಣಪ್ಪ.’

‘ಸ್ವಾಮಿ ಹತ್ರ ಹೋಗ್ಬೇಕಲ್ಲಕ್ಕಾ.’

ಈ ಮಾತಿಗೆ ಅವಳ ಹತ್ತಿರ ಉತ್ತರವಿರಲಿಲ್ಲ. ಎಂಜಿನ್ ಚಾಲೂ ಮಾಡಿಸಿ, ನೀರನ್ನು ನಿಧಾನಕ್ಕೆ ಸುರಿದ. ಕಾದ ಎಂಜಿನ್ನಿಗೆ ತಣ್ಣೀರನ್ನು ಒಂದೇ ಸಲ ಹೊಯ್ದರೆ ಹೆಡ್ ಸೀಳಿಬಿಡಬಹುದಂತೆ. ಆಮೇಲೆ ಎರಡು ಚಮಚ ಅರಿಶಿನ. ನಾವೆಲ್ಲ ಸಾಲಾಗಿ ಬಗ್ಗಿ ತೂತನ್ನೇ ನೋಡುತ್ತಾ ನಿಂತೆವು. ಎಳೆ ಹಳದಿಯಾಯಿತು. ಎಳೆ ಹೋಗಿ ಹನಿಯಾಯಿತು. ಹತ್ತು ನಿಮಿಷಕ್ಕೆ ಹನಿಯೂ ನಿಂತಿತು. ಅತ್ತೆ ಕೈ ಮುಗಿದರು, ಯಾರಿಗೆ ಅಂತ ಗೊತ್ತಾಗಲಿಲ್ಲ.

‘ಸದ್ಯಕ್ಕೆ ಹೋಗಿ ಸಾರ್. ಊರಿಗೆ ಹೋದ್ಮೇಲೆ ಸರಿಯಾಗಿ ಮಾಡಿಸ್ಕೊಳ್ಳಿ. ಏಸಿ ಬೇಡ. ಮುಳ್ಳು ಮೇಲಕ್ಕೆ ಹೋದ್ರೆ ಹೀಟರ್ ಹಾಕಿ.’

ಹೀಟರ್ ಯಾಕೆ ಅಂದರೆ, ಅದೂ ಒಂದು ಪುಟಾಣಿ ರೇಡಿಯೇಟರೇ. ಎಂಜಿನ್ನಿನ ಬಿಸಿಯನ್ನು ತಂದು ನಮ್ಮ ಮೇಲೆ ಊದುತ್ತದೆ. ಹಾಗಾಗಿ ಏಪ್ರಿಲ್ ಬಿಸಿಲಲ್ಲಿ, ಹೀಟರ್ ಹಾಕಿಕೊಂಡು, ಕಿಟಕಿ ಇಳಿಸಿಕೊಂಡು ನಾವು ಕರ್ನಾಟಕದ ಅತಿ ಎತ್ತರದ ಬೆಟ್ಟ ಹತ್ತಿದೆವು. ಸ್ವಾಮಿಗೆ ಆ ಸಲ ಬರೀ ಕುಂಕುಮ.

ಆಮೇಲೆ ಯೋಚಿಸಿದಾಗ ಗೊತ್ತಾಯಿತು, ರೇಡಿಯೇಟರ್ ಅನ್ನೋದು ಅಡುಗೆಮನೆಗೇ ಹತ್ತಿರದ ವಸ್ತು. ಅದರ ಮುಚ್ಚಳ ಥೇಟ್ ಕುಕ್ಕರಿನ ವೆಯ್ಟ್. ಒಳಗಿನ ಸ್ಪ್ರಿಂಗು ಸುಮಾರು 0.9 ಬಾರ್ ಒತ್ತಡ ಹಿಡಿದಿಟ್ಟರೆ, ನೀರು 115 ಡಿಗ್ರಿ ಆಸುಪಾಸಿನವರೆಗೂ ಕುದಿಯದೆ ಇರುತ್ತದೆ. ಸೋರಿದರೆ ಆ ಒತ್ತಡವೂ ಹೋಯಿತು. ಗಿರಿಯ ತುದಿ ಸುಮಾರು 1,930 ಮೀಟರ್. ಅಂಥ ಕಡೆ ತೆರೆದ ಪಾತ್ರೆಯ ನೀರು 94 ಡಿಗ್ರಿಗೇ ಕುದಿಯುತ್ತದೆ. ಅನ್ನ ಬೇಯೋದು ತಡ, ಎಂಜಿನ್ ಬೇಯೋದು ಬೇಗ! ಅರಿಶಿನದ ಕೆಲಸವೂ ಅಷ್ಟೇ ಸರಳ. ಪುಡಿ ನೀರಿನ ಜೊತೆ ತೂತಿನ ಬಾಯಿಗೆ ಬರುತ್ತದೆ, ನೆನೆದು ಉಬ್ಬುತ್ತದೆ, ಹೊರಗಿನ ಗಾಳಿಗೆ ಒಣಗಿ ಹೆಂಟೆ ಕಟ್ಟುತ್ತದೆ. ಕೆಲವರು ಮೊಟ್ಟೆಯ ಬಿಳಿ ಹಾಕುತ್ತಾರೆ. ನಮ್ಮ ಪುಣ್ಯ, ಬುತ್ತಿಯಲ್ಲಿ ಮೊಟ್ಟೆ ಇರಲಿಲ್ಲ.

ಊರಿಗೆ ಬಂದ ಮೇಲೆ ಸರಿಯಾಗಿ ಮಾಡಿಸಿದೆನಾ? ಸೋರದೆ ಇರುವುದನ್ನು ಯಾರಾದರೂ ರಿಪೇರಿಗೆ ಒಯ್ಯುತ್ತಾರಾ? ‘ಸದ್ಯಕ್ಕೆ’ ಅನ್ನುವ ಪದಕ್ಕೆ ನಮ್ಮ ಮನೆಯಲ್ಲಿ ಆಯಸ್ಸು ಜಾಸ್ತಿ. ಸಡಿಲಾದ ಕುಕ್ಕರ್ ಗ್ಯಾಸ್ಕೆಟ್ಟನ್ನು ಫ್ರಿಜ್ಜಿನಲ್ಲಿಟ್ಟು ಬಿಗಿ ಮಾಡಿಕೊಂಡು, ಸದ್ಯಕ್ಕೆ ನಡೀತದೆ ಅಂತ ಎರಡು ದೀಪಾವಳಿ ಕಳೆದಿದ್ದೇವೆ. ಗೇಟಿನ ಚಿಲಕಕ್ಕೆ ಸದ್ಯಕ್ಕೆ ಕಟ್ಟಿದ ತಂತಿಗೆ ಈಗ ತುಕ್ಕು ಹಿಡಿದಿದೆ. ಅಜ್ಜಿಯ ಬಚ್ಚಲಲ್ಲಿ ಒಂದು ಕೊಡವಿತ್ತು. ರಸ್ತೆ ಕೆಲಸ ನಡೆಯುವಾಗ ಯಾರೋ ಒಂದು ಉಂಡೆ ಡಾಂಬರು ತಂದು ಅದರ ತಳಕ್ಕೆ ಮೆತ್ತಿದ್ದರು. ಕೊಡ ಎಷ್ಟೋ ವರ್ಷದ ಮೇಲೆ ಗುಜರಿಗೆ ಹೋಯಿತು. ಹೋಗುವಾಗಲೂ ಡಾಂಬರು ಗಟ್ಟಿಯಾಗೇ ಇತ್ತು.

ಕಾರು ನಾಲ್ಕು ತಿಂಗಳು ಓಡಿತು. ನಡುವೆ ಮತ್ತೆ ಜಿನುಗಿದಾಗ ಅಂಗಡಿಯಿಂದ ಸೋರಿಕೆ ನಿಲ್ಲಿಸುವ ಒಂದು ಬಾಟಲಿ ತಂದು ಸುರಿದೆ. ಹೊರಗಡೆಯಿಂದ ಎಂ-ಸೀಲ್ ಕಲಸಿ ಮೆತ್ತಿದೆ. ಡಿಕ್ಕಿಯಲ್ಲಿ ಯಾವಾಗಲೂ ಐದು ಲೀಟರ್ ನೀರಿನ ಕ್ಯಾನು. ಬೆಳಿಗ್ಗೆ ಎದ್ದು ತುಳಸಿಗೆ ಒಂದು ಚೊಂಬು, ಕಾರಿಗೆ ಒಂದು ಚೊಂಬು. ನಿಜ ಹೇಳಬೇಕೆಂದರೆ ನನಗೆ ಇದರಲ್ಲಿ ಒಂಥರಾ ಹೆಮ್ಮೆಯೂ ಇತ್ತು. ದುಡ್ಡು ಕೊಟ್ಟು ಯಾರು ಬೇಕಾದರೂ ಮಾಡಿಸಬಹುದು, ಅಲ್ವಾ?

ಆಗಸ್ಟಿನಲ್ಲಿ ಸಕಲೇಶಪುರದ ದಾರಿಯಲ್ಲಿ, ಆಲೂರು ದಾಟುತ್ತಿದ್ದ ಹಾಗೆ ಮುಳ್ಳು ಮತ್ತೆ ಎದ್ದಿತು. ಹೊರಗೆ ಜಡಿಮಳೆ, ಚಳಿ. ಕೆಳಗೆ ನೋಡಿದರೆ ಒಂದು ಹನಿಯೂ ಸೋರಿಲ್ಲ. ನೀರು ತುಂಬಿದೆ. ಆದರೂ ಕುದಿಯುತ್ತಿದೆ.

ಹಾಸನದ ಬಿ.ಎಂ. ರಸ್ತೆಯ ಪಕ್ಕದ ಗಲ್ಲಿಯೊಂದರಲ್ಲಿ ಬರೀ ರೇಡಿಯೇಟರ್ ಕೆಲಸ ಮಾಡುವ ಒಬ್ಬ ಯಜಮಾನರಿದ್ದಾರೆ. ಬಿಚ್ಚಿದ ರೇಡಿಯೇಟರಿನ ಬಾಯಿಗಳಿಗೆ ರಬ್ಬರ್ ಬಿರಡೆ ಜಡಿದು, ಸಿಮೆಂಟ್ ತೊಟ್ಟಿಯ ನೀರಿನಲ್ಲಿ ಮುಳುಗಿಸಿ, ಗಾಳಿ ಹೊಡೆದರು. ಒಂದು ಕಡೆ ಅಲ್ಲ, ಮೂರು ಕಡೆಯಿಂದ ಗುಳ್ಳೆ ಎದ್ದವು. ನನ್ನ ಎಂ-ಸೀಲಿನ ಪಕ್ಕದಿಂದಲೇ ಒಂದು ಸಾಲು. ಗ್ಯಾಸ್ ದೀಪ ಹಿಡಿದು, ಹಳೇ ಬೆಸುಗೆ ಕರಗಿಸಿ, ಹಿತ್ತಾಳೆಯ ಮೇಲ್ಭಾಗ ಎತ್ತಿದರು. ಒಳಗೆ ತಾಮ್ರದ ಚಪ್ಪಟೆ ನಳಿಗೆಗಳ ಸಾಲು. ಅರ್ಧಕ್ಕರ್ಧ ನಳಿಗೆಗಳ ಬಾಯಲ್ಲಿ ಹಳದಿ ಗಸಿ.

‘ಏನ್ ಸಾರ್ ಇದು, ಚಿತ್ರಾನ್ನ ಕಲಸಿದ್ರಾ?’

ತೂತು ಮುಚ್ಚುವ ಪುಡಿಗೆ ಯಾವುದು ತೂತು, ಯಾವುದು ದಾರಿ ಅಂತ ಹೇಗೆ ಗೊತ್ತಾಗಬೇಕು? ಎರಡನ್ನೂ ಮುಚ್ಚಿತ್ತು. ಬಾಟಲಿಯ ಔಷಧಿಯೂ ಅದೇ ಜಾತಿ. ಜೊತೆಗೆ ನಾಲ್ಕು ತಿಂಗಳು ಬೋರ್‌ವೆಲ್ ನೀರು ಹೊಯ್ದು ಗೀಸರಿನ ಕಾಯಿಲಿನ ಹಾಗೆ ಸುಣ್ಣ ಕಟ್ಟಿಸಿದ್ದೆ.

‘ಗಿರಿಯಿಂದ ನಮ್ಮ ಅಂಗಡಿಗೆ ಬರೋಕೆ ಎಷ್ಟು ಹೊತ್ತು ಸಾರ್? ಎರಡು ಗಂಟೆ?’

ಸ್ವಲ್ಪ ತಡವಾಯ್ತು ಅಂದೆ.

ತೆಳ್ಳನೆಯ ಉದ್ದ ಪಟ್ಟಿಯೊಂದನ್ನು ನಳಿಗೆ ನಳಿಗೆಗೂ ತೂರಿಸಿ, ಹಿಂದೆ ಮುಂದೆ ಆಡಿಸಿ, ಗಸಿ ತಳ್ಳುತ್ತಾ ಕೂತರು. ಅವಸರವೇ ಇಲ್ಲ. ತೂತಿನ ಸುತ್ತ ಕೆರೆದು ತಾಮ್ರ ಹೊಳೆಯುವ ಹಾಗೆ ಮಾಡಿದರು. ಆಸಿಡ್ ಸವರಿದಾಗ ಚುರ್ ಅಂತ ಹೊಗೆ ಬಂತು. ಕಾದ ಕಡೆಗೆ ಸೋಲ್ಡರ್ ತಾಗಿಸಿದ್ದೇ ತಡ, ಅದು ಬೆಳ್ಳಿ ಹನಿಯಾಗಿ ತಾನೇ ಹುಡುಕಿಕೊಂಡು ಒಳಗೆ ಇಳಿಯಿತು. ಚಿಕ್ಕಂದಿನಲ್ಲಿ ನಮ್ಮ ಬೀದಿಗೆ ಬರುತ್ತಿದ್ದ ಕಲಾಯಿಯವನು ನೆನಪಾದ. ಅದೇ ವಾಸನೆ.

‘ಇದು ಹಳೇ ಮಾಲು, ಕೂತು ಮಾಡ್ಬೋದು. ಈಗಿನವು ಅಲ್ಯೂಮಿನಿಯಂ ಕೋರು, ಪ್ಲಾಸ್ಟಿಕ್ ಟ್ಯಾಂಕು. ಪ್ಲಾಸ್ಟಿಕ್ ಸೀಳಿದ್ರೆ ಬೆಸುಗೆ ಎಲ್ಲಿ ಹಾಕ್ಲಿ? ಹೊಸದೇ ಹಾಕ್ಸಿ ಅಂತೀನಿ’ ಅಂದರು. ದನಿಯಲ್ಲಿ ಕೋಪವಿರಲಿಲ್ಲ, ಸ್ವಲ್ಪ ಬೇಜಾರಿತ್ತು.

ತೊಟ್ಟಿಯಲ್ಲಿ ಮತ್ತೆ ಮುಳುಗಿಸಿದರು. ಒಂದು ಗುಳ್ಳೆಯೂ ಇಲ್ಲ. ಹೊಸ ಮುಚ್ಚಳ, ಡಿಸ್ಟಿಲ್ಡ್ ವಾಟರಿಗೆ ಅರ್ಧಕ್ಕರ್ಧ ಕೂಲಂಟು, ಎಲ್ಲ ಸೇರಿ ಎರಡು ಸಾವಿರದೊಳಗೆ ಮುಗಿಯಿತು. ನನ್ನ ಬಾಟಲಿ, ಎಂ-ಸೀಲು, ಕ್ಯಾನು, ಆಲೂರಿನಿಂದ ಗಾಡಿ ಎಳೆಸಿದ ಖರ್ಚು ಕೂಡಿಸಿದರೆ ಎಷ್ಟಾಗುತ್ತದೆ ಅಂತ ನಾನು ಲೆಕ್ಕ ಹಾಕಿಲ್ಲ. ಹೆಂಡತಿ ಹಾಕಿದ್ದಾಳೆ.

ಮುಂದಿನ ವರ್ಷ ಮತ್ತೆ ಗಿರಿಗೆ ಹೊರಟೆವು. ಪೂಜೆ ಬುಟ್ಟಿ ಎತ್ತಿ ಡಿಕ್ಕಿಯಲ್ಲಿಡುವಾಗ ನೋಡಿದೆ. ಅರಿಶಿನದ ಪೊಟ್ಟಣ ಎರಡಿದ್ದವು.

‘ರೇಡಿಯೇಟರ್ ಸರಿಯಾಗಿದೆ ಕಣೇ’ ಅಂದೆ.

‘ಇರ್ಲಿ ಬಿಡಿ’ ಅಂದಳು.