ನಿಮ್ಮೂರಲ್ಲಿ ರಾತ್ರಿ ಎಷ್ಟು ಡಿಗ್ರಿ?

ಯುಗಾದಿ ಹತ್ತಿರ ಬಂತೆಂದರೆ ಬೀಜ ಮಾರುವವರ 'ಸ್ಪ್ರಿಂಗ್ ಸೇಲ್' ಶುರು. ಪೆಟೂನಿಯಾ, ಪ್ಯಾನ್ಸಿ, ಲೆಟಿಸ್, ಚೆರ್ರಿ ಟೊಮೇಟೊ, ಎಲ್ಲಾ ಒಂದೇ ಡಬ್ಬಿಯಲ್ಲಿ. ಬೆಂಗಳೂರಿನ ಮಾರ್ಚ್ ಬಿಸಿಲಲ್ಲಿ ಚಳಿ ಬೇಡುವ ಪ್ಯಾನ್ಸಿ ಹೂ! ಯಾರಿಗೆ ಹೇಳೋಣ? ಹೊಸದಾಗಿ ಕೈತೋಟ ಶುರು ಮಾಡಿದವರು ಆಸೆಯಿಂದ ತರಿಸುತ್ತಾರೆ. ಏಪ್ರಿಲ್ ಹೊತ್ತಿಗೆ ಎಲ್ಲಾ ಸುಟ್ಟು ಕರಕಲು. ಆಮೇಲೆ "ನನ್ನ ಕೈಗುಣವೇ ಸರಿ ಇಲ್ಲ" ಅಂತ ಕುಂಡಗಳನ್ನು ಮೂಲೆಗೆ ತಳ್ಳುತ್ತಾರೆ. ಅವರ ಕೈಗುಣಕ್ಕೆ ಏನೂ ಆಗಿಲ್ಲ. ಬೇರೆ ಯಾವುದೋ ದೇಶದ ತಿಂಗಳನ್ನು ನಮ್ಮ ತಾರಸಿಗೆ ತಂದದ್ದಕ್ಕೆ ಹೀಗಾಯಿತು.

ನಮ್ಮ ಬಳಗದಲ್ಲಿ ಗಿಡದ ಹುಚ್ಚಿನವರು ಜಾಸ್ತಿ. ಚಿಕ್ಕಮ್ಮ ಪುತ್ತೂರಿನಲ್ಲಿ, ಗೆಳತಿ ಕಲಬುರಗಿಯಲ್ಲಿ, ಮೈದುನ ಶಿಕಾಗೋದಲ್ಲಿ. ಕಾಲೇಜಿನ ಸ್ನೇಹಿತೆಯೊಬ್ಬಳು ಮ್ಯೂನಿಕ್‌ನಲ್ಲಿ, ಅವಳ ಅಣ್ಣ ಮೆಲ್ಬರ್ನ್‌ನಲ್ಲಿ. ಮಾರ್ಚ್, ಏಪ್ರಿಲ್‌ನಲ್ಲಿ ಯಾರಿಗೆ ಫೋನ್ ಮಾಡಿದರೂ ಮೊದಲು ಬರುವುದು ಹವೆಯ ಮಾತೇ. ಎಲ್ಲರೂ ಹೇಳುವುದು ಮಧ್ಯಾಹ್ನದ ಲೆಕ್ಕ. "ನಮ್ಮಲ್ಲಿ 34", "ನಮ್ಮಲ್ಲಿ 41", "ನಮ್ಮಲ್ಲಿ ಇನ್ನೂ 6". ನನ್ನ ತಕರಾರು ಇಲ್ಲೇ. ಮಧ್ಯಾಹ್ನದ ಡಿಗ್ರಿ ಕೇಳಿ ಗಿಡದ ಬಗ್ಗೆ ಏನೂ ಗೊತ್ತಾಗಲ್ಲ.

ಏಪ್ರಿಲ್‌ನಲ್ಲಿ ಬೆಂಗಳೂರು, ಪುತ್ತೂರು ಎರಡೂ ಕಡೆ ಹಗಲು ಹೆಚ್ಚುಕಡಿಮೆ 34. ಕೇಳಿದರೆ ಒಂದೇ ಥರ ಅನ್ನಿಸುತ್ತದೆ, ಅಲ್ವಾ? ಆದರೆ ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ರಾತ್ರಿ 21, 22ಕ್ಕೆ ಇಳಿಯುತ್ತದೆ. ಕರಾವಳಿಯ ಕಡೆ ರಾತ್ರಿಯೂ 25, 26, ಜೊತೆಗೆ ಸೆಕೆ. ಟೊಮೇಟೊಗೆ ಈ ನಾಲ್ಕು ಡಿಗ್ರಿ ದೊಡ್ಡ ವಿಷಯ. ಹಗಲು 35ರ ಹತ್ತಿರ ಹೋಗಿ, ರಾತ್ರಿಯೂ 24ರ ಕೆಳಗೆ ಇಳಿಯದಿದ್ದರೆ ಹೂವಿನ ಪರಾಗ ಕೆಡುತ್ತದೆ. ಹೂ ಉದುರುತ್ತದೆ, ಕಾಯಿ ಕಚ್ಚುವುದಿಲ್ಲ. ನೀರು ಹಾಕಿದರೂ ಅಷ್ಟೇ, ಗೊಬ್ಬರ ಹಾಕಿದರೂ ಅಷ್ಟೇ. ಅದೇ ಬೀಜ, ಅದೇ ಗೊಬ್ಬರ ಹಾಕಿ ನನಗೆ ನಾಲ್ಕು ಹಣ್ಣು ಸಿಕ್ಕರೆ ಚಿಕ್ಕಮ್ಮನಿಗೆ ಬರೀ ಎಲೆ. ಅವರು ಬುದ್ಧಿವಂತೆ. ಟೊಮೇಟೊ ಬಿಟ್ಟು ಬಸಳೆ ಚಪ್ಪರ, ಅಲಸಂಡೆ, ಹರಿವೆ ನೋಡಿಕೊಳ್ಳುತ್ತಾರೆ.

ಕಲಬುರಗಿಯವಳದ್ದು ಇನ್ನೊಂದು ಕಥೆ. ಅಲ್ಲಿ ಏಪ್ರಿಲ್‌ನಲ್ಲಿ 40 ದಾಟುವುದು ಮಾಮೂಲು. ಕಪ್ಪು ಮಣ್ಣು ಕೈ ಹೋಗುವಷ್ಟು ಬಿರುಕು ಬಿಡುತ್ತದೆ. "ಈಗ ಗಿಡ ಜೀವ ಹಿಡ್ಕೊಂಡ್ರ ಸಾಕವ್ವ, ಕಾಯಿ ಯಾರಿಗೆ ಬೇಕ" ಅನ್ನುತ್ತಾಳೆ. ಅವಳ ಕೈತೋಟದ ಒಳ್ಳೆ ಕಾಲ ಅಕ್ಟೋಬರ್‌ನಿಂದ ಫೆಬ್ರವರಿ. ಅಂದರೆ ಶಿಕಾಗೋದಲ್ಲಿ ಸಲಿಕೆ ತೊಳೆದು ಒಳಗಿಡುವ ಹೊತ್ತಿಗೆ ಇವಳು ಮಡಿ ಮಾಡುತ್ತಾಳೆ.

ಶಿಕಾಗೋದ ಮೈದುನನಿಗೆ ಬಿಸಿಲಿನ ಭಯವೇ ಇಲ್ಲ. ಅವನ ಭಯವೆಲ್ಲಾ ಕೊನೆಯ ಫ್ರಾಸ್ಟ್, ಅಂದರೆ ನೀರು ಹೆಪ್ಪುಗಟ್ಟುವಂಥ ಚಳಿಯ ರಾತ್ರಿ. ಏಪ್ರಿಲ್‌ನಲ್ಲಿ ಒಂದು ವಾರ ಬಿಸಿಲು ಬಂದರೆ ಅಲ್ಲಿನ ಹೊಸಬರು ಗಿಡ ಹೊರಗಿಟ್ಟು ಕುಣಿದಾಡುತ್ತಾರೆ, ಮುಂದಿನ ವಾರ ಒಂದೇ ರಾತ್ರಿಗೆ ಎಲೆ ಕಪ್ಪಾಗುತ್ತದೆ. ಮೇ ಎರಡನೇ ಭಾನುವಾರ, ಅಂದರೆ ಮದರ್ಸ್ ಡೇ ಆಗದೆ ಟೊಮೇಟೊ ಸಸಿ ನೆಲಕ್ಕೆ ಇಳಿಸಬೇಡ ಅನ್ನುವುದು ಆ ಕಡೆಯ ಹಳಬರ ಮಾತು. ಇನ್ನು ಅವನ ಕರಿಬೇವಿನ ಕುಂಡ! ಅಕ್ಟೋಬರ್‌ನಲ್ಲಿ ಒಳಗೆ, ಮೇನಲ್ಲಿ ಹೊರಗೆ. ಚಳಿಗಾಲವಿಡೀ ಎಲೆ ಉದುರಿಸಿಕೊಂಡು ಕಿಟಕಿ ಪಕ್ಕ ಕೂತಿರುತ್ತದೆ. ಮನೆಯಲ್ಲಿ ಕರಿಬೇವಿಗೆ ಸಿಗುವ ಉಪಚಾರ ತನಗಿಲ್ಲ ಅಂತ ಅವನ ಹೆಂಡತಿಯ ದೂರು.

ಮ್ಯೂನಿಕ್‌ನವಳು ಹೇಳಿದ್ದು ನನಗೆ ಬಹಳ ಇಷ್ಟವಾಯಿತು. ಜರ್ಮನ್ನರಿಗೆ 'ಐಸ್‌ಹೈಲಿಗೆ' ಅಂತ ಐದು ದಿನಗಳಿವೆ, ಮೇ 11ರಿಂದ 15. ದಿನಕ್ಕೊಬ್ಬ ಸಂತರ ಹೆಸರು. ಕೊನೆಯವಳು ಸೋಫಿ, 'ತಣ್ಣನೆ ಸೋಫಿ'. ಅವಳು ಹೋದ ಮೇಲೆಯೇ ನಾಜೂಕು ಗಿಡಗಳನ್ನು ಹೊರಗೆ ನೆಡುವುದು. ಕೇಳಿದ ತಕ್ಷಣ ಪಂಚಾಂಗ ತೆಗೆದು ನೋಡಿದೆ. ನಮ್ಮ ಕೃತ್ತಿಕಾ ಮಳೆ ಹುಟ್ಟುವುದೂ ಮೇ 11ರ ಸುಮಾರಿಗೇ. ಅದಕ್ಕೂ ಮೊದಲು ಭರಣಿ. "ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆ" ಅಂತ ನಮ್ಮ ಹಿರಿಯರು ಹೇಳುತ್ತಿದ್ದರಲ್ಲ. ಅಲ್ಲಿಯವರು ಚಳಿ ಹೋಗಲಿ ಅಂತ ಕಾಯುತ್ತಾರೆ, ಇಲ್ಲಿಯವರು ನೀರು ಬರಲಿ ಅಂತ. ಎರಡೂ ಕಡೆ ರೈತರು ಕಟ್ಟಿಕೊಂಡ ಲೆಕ್ಕ ಊರಿನ ಕಷ್ಟ ನೋಡಿ ಕಟ್ಟಿಕೊಂಡದ್ದು. ಮೆಲ್ಬರ್ನ್‌ನಲ್ಲಿ ಟೊಮೇಟೊ ನೆಡುವುದು ಕುದುರೆ ರೇಸಿನ ದಿನ, ಅಂದರೆ ನವೆಂಬರ್‌ನ ಮೊದಲ ಮಂಗಳವಾರ. ನಮ್ಮ ರಾಜ್ಯೋತ್ಸವದ ಆಸುಪಾಸು ಅವರ ವಸಂತ!

ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದವರಿಗಂತೂ ಡಿಗ್ರಿಯೇ ಬೇಡ. ಅವರದ್ದು ಮಳೆಯ ಇಂಚು, ಸೆಂಟ್ (ಇಂಚಿನ ನೂರರಲ್ಲಿ ಒಂದು ಪಾಲು) ಲೆಕ್ಕ. ಫೆಬ್ರವರಿ, ಮಾರ್ಚ್‌ನಲ್ಲಿ ಒಂದು ಇಂಚಿನಷ್ಟು ಹೂಮಳೆ ಬೀಳಬೇಕು. ಬಿದ್ದು ಎಂಟು ಹತ್ತು ದಿನಕ್ಕೆ ತೋಟವಿಡೀ ಬಿಳಿ ಹೂ. ಆಮೇಲೆ ಎರಡು ಮೂರು ವಾರದಲ್ಲಿ ಇನ್ನೊಂದು ಮಳೆ, 'ಬ್ಯಾಕಿಂಗ್' ಅನ್ನುತ್ತಾರೆ, ಬರದಿದ್ದರೆ ಕಾಯಿ ನಿಲ್ಲುವುದಿಲ್ಲ. ಅರ್ಧಂಬರ್ಧ ಹನಿದು ಹೋದರೆ ಮಳೆ ಬಾರದಿದ್ದದ್ದೇ ವಾಸಿ ಅನ್ನುವ ಹಾಗೆ ಮೊಗ್ಗು ಕೆಡುತ್ತದೆ. ರೋಬಸ್ಟಾ ಕಾಫಿ ಇರುವವರು ಸ್ಪ್ರಿಂಕ್ಲರ್ ಹಾಕಿ ಮಳೆಯ ಕೆಲಸ ತಾವೇ ಮಾಡುತ್ತಾರೆ, ಕೆರೆಯಲ್ಲಿ ನೀರಿದ್ದರೆ.

ಈಗ ಕೆಲವರು "ಬೆಂಗಳೂರು ಯಾವ ಝೋನ್?" ಅಂತ ಕೇಳುತ್ತಾರೆ. ಯಾವ ಗಿಡ ಎಲ್ಲಿಯ ಚಳಿ ತಡೆಯುತ್ತದೆ ಅಂತ ತೋರಿಸುವ ಅಮೆರಿಕದ ಕೃಷಿ ಇಲಾಖೆಯ ನಕ್ಷೆ ಅದು, 13 ವಲಯ, 2023ರಲ್ಲಿ ಹೊಸದು ಬಂತು. ಅದು ನೋಡುವುದು ವರ್ಷದ ಅತಿ ಚಳಿಯ ರಾತ್ರಿಗಳನ್ನು ಮಾತ್ರ. ಸಿಯಾಟಲ್, ಆಸ್ಟಿನ್ ಎರಡೂ 9ಎ ವಲಯ. ಒಂದರಲ್ಲಿ ಬೇಸಿಗೆ ಅಂದರೆ ಹಿತವಾದ ಬಿಸಿಲು, ಇನ್ನೊಂದರಲ್ಲಿ ಟೆಕ್ಸಾಸಿನ ಕುಲುಮೆ. ಅವರಿಗೇ ಅರ್ಧ ಉಪಯೋಗ. ನಮಗೆ ಏನು ಉಪಯೋಗ? ಬೆಂಗಳೂರಿನ ದಾಖಲೆ ಚಳಿಯೇ 7.8 ಡಿಗ್ರಿ, ಅದೂ 1884ರಲ್ಲಿ. ನಮ್ಮ ಗಿಡಗಳನ್ನು ಚಳಿ ಕೊಲ್ಲುವುದಿಲ್ಲ. 2016ರ ಏಪ್ರಿಲ್ 24ರಂದು 39.2 ಮುಟ್ಟಿತ್ತಲ್ಲ, ಅಂಥ ದಿನಗಳು ಕೊಲ್ಲುತ್ತವೆ.

ಅದೇ ಏಪ್ರಿಲ್ 24ರ ಸುಮಾರಿಗೆ ಬೆಂಗಳೂರಿನಲ್ಲಿ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ ಸರಿಯಾಗಿ ಬಂದು ನೆರಳೇ ಮಾಯವಾಗುತ್ತದೆ. ಹಾಗಾಗಿ ಪಕ್ಕಕ್ಕೆ ಶೇಡ್ ನೆಟ್ ಕಟ್ಟಿ ಪ್ರಯೋಜನವಿಲ್ಲ, ತಲೆಯ ಮೇಲೆ ಬೇಕು. ಶಿಕಾಗೋದ ವಿಡಿಯೊ ನೋಡಿ "ದಕ್ಷಿಣದ ಗೋಡೆ ಪಕ್ಕ ಇಡಿ" ಅನ್ನುವುದನ್ನು ಇಲ್ಲಿ ಮಾಡಬೇಡಿ. ಅಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿಕೊಂಡೇ ಇರುತ್ತಾನೆ.

ಬೀಜದ್ದೂ ಹೀಗೇ. ಅಮೆರಿಕದಿಂದ ಬರುವವರು ಪ್ರೀತಿಯಿಂದ ಈರುಳ್ಳಿ ಬೀಜ ತರುತ್ತಾರೆ. ಉತ್ತರದ ತಳಿಗಳು ಗೆಡ್ಡೆ ಕಟ್ಟಲು 14 ಗಂಟೆಗೂ ಜಾಸ್ತಿ ಹಗಲು ಬೇಕು. ಬೆಂಗಳೂರಿನಲ್ಲಿ ಜೂನ್‌ನ ಅತಿ ಉದ್ದದ ಹಗಲೂ 13 ಗಂಟೆ ಮುಟ್ಟುವುದಿಲ್ಲ. ಈರುಳ್ಳಿ ಹೂವಿನ ಹಾಗೆ ಸೊಪ್ಪು ಬರುತ್ತದೆ, ಅಷ್ಟೇ. ಸುಮ್ನೆ ಚಿಕ್ಕಬಳ್ಳಾಪುರದ ಗುಲಾಬಿ ಈರುಳ್ಳಿ ಹಾಕಿಕೊಳ್ಳಿ.

ಹಾಗಾದರೆ ನಮ್ಮ ವಸಂತದಲ್ಲಿ ಏನೂ ಹಾಕಬಾರದಾ? ಹಾಕಬಹುದು. ಬೆಂಡೆ, ಹೀರೆ, ಗೋರಿಕಾಯಿ, ಹರಿವೆ, ಬಸಳೆ, ಇವೆಲ್ಲಾ ಬಿಸಿಲನ್ನು ಕುಡಿದು ಬೆಳೆಯುತ್ತವೆ. ಮಲ್ಲಿಗೆಗೆ ಇದೇ ಹಬ್ಬ. ಉಳಿದವಕ್ಕೆ ಬುಡಕ್ಕೆ ದಪ್ಪ ತರಗೆಲೆ ಹಾಕಿ, ಸಂಜೆ ನೀರು ಕೊಟ್ಟು, ಬದುಕಿಸಿಕೊಂಡರೆ ಸಾಕು. ಶಿರಸಿಯ ಕಡೆ ಬೇಸಿಗೆಯಲ್ಲಿ ಬೆಟ್ಟದಿಂದ ದರಕು ಗುಡಿಸಿ ತಂದು ಅಡಿಕೆ ಬುಡ ಮುಚ್ಚುವುದು ಇದಕ್ಕೇ. ಟೊಮೇಟೊ, ಕೋಸು, ಲೆಟಿಸ್ ಆಸೆ ಇದ್ದರೆ ಮುಂಗಾರು ಮುಗಿಯುತ್ತಾ ಬರುವ ಸೆಪ್ಟೆಂಬರ್‌ಗೆ ಸಸಿ ಮಾಡಿ. ಸೇಲ್‌ನಲ್ಲಿ ಅರ್ಧ ಬೆಲೆಗೆ ಸಿಕ್ಕಿತು ಅನ್ನುವ ಕಾರಣಕ್ಕೆ ಮಾರ್ಚ್‌ನಲ್ಲಿ ಬಿತ್ತಬೇಡಿ.

ಕಾಮೆಂಟ್‌ನಲ್ಲಿ ನಿಮ್ಮೂರಿನ ಹವೆ ಬರೆಯುವವರು ಮಧ್ಯಾಹ್ನ ಎಷ್ಟಿತ್ತು ಅಂತ ಬರೆಯಬೇಡಿ. ಬೆಳಗಿನ ಜಾವ ಎಷ್ಟಕ್ಕೆ ಇಳಿದಿತ್ತು, ಕೊನೆಯ ಮಳೆ ಯಾವಾಗ ಬಂತು, ಮಣ್ಣು ಕೆಂಪೋ ಕಪ್ಪೋ, ಇಷ್ಟು ಬರೆಯಿರಿ. ಪ್ಯಾನ್ಸಿ ಫೋಟೊ ಹಾಕುವವರು ಊರಿನ ಹೆಸರು ಮರೆಯಬೇಡಿ. ಊಟಿಯವರಾದರೆ ಕ್ಷಮೆ ಇದೆ.