ಮೊಸರು ಬಿಡಿಸಿದಿರಿ, ಸೊಳ್ಳೆ ಬತ್ತಿ ಬಿಡಿಸಿದಿರೇನು?

ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆ ಸಿಒಪಿಡಿ (ಶ್ವಾಸನಾಳ ಕಿರಿದಾಗಿ ಉಸಿರು ಕಟ್ಟುವ ದೀರ್ಘಕಾಲದ ಪುಪ್ಪುಸದ ರೋಗ) ಇರುವ ಮನೆಯ ಹಿರಿಯರಿಗೆ ದಮ್ಮು ಹೆಚ್ಚಾಯಿತೆಂದರೆ ಮೊದಲ ಕತ್ತರಿ ಬೀಳುವುದು ಊಟದ ತಾಟಿಗೆ. ಮೊಸರು ಬಂದ್, ಬಾಳೆಹಣ್ಣು ಬಂದ್, ಪೇರಲ ಬಂದ್. ಆಮೇಲೆ ‘ತಂಡಿ ಹತ್ತಬಾರದು’ ಅಂತ ಅಜ್ಜನನ್ನು ಬಚ್ಚಲ ಒಲೆಯ ಮುಂದೆ ಕೂರಿಸುತ್ತಾರೆ. ಒಲೆಯಲ್ಲಿ ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ, ಕುಳ್ಳು, ಬೇಗ ಹೊತ್ತಲಿ ಅಂತ ಒಂದು ಪ್ಲಾಸ್ಟಿಕ್ ಚೀಲ. ರಾತ್ರಿ ಕಿಟಕಿ ಬಾಗಿಲು ಹಾಕಿ ಮಂಚದ ಕೆಳಗೆ ಸೊಳ್ಳೆ ಬತ್ತಿ. ಮರುದಿನ ದಮ್ಮು ಇನ್ನೂ ಏರಿದರೆ ತಪ್ಪು ಮಾತ್ರ ನಿನ್ನೆ ತಿಂದ ಅರ್ಧ ಬಾಳೆಹಣ್ಣಿನದು.

ಹಾಲು ಮೊಸರು ಕಫ ಹುಟ್ಟಿಸುತ್ತವೆ ಅನ್ನುವುದಕ್ಕೆ ಗಟ್ಟಿ ಆಧಾರವಿಲ್ಲ. ಗಂಟಲಲ್ಲಿ ಜೊಲ್ಲು ಸ್ವಲ್ಪ ಮಂದವಾದಂತೆ ಅನ್ನಿಸಬಹುದು, ಅಷ್ಟೇ. ಸಿಒಪಿಡಿ ಇರುವವರು ಉಸಿರಾಡುವುದಕ್ಕೇ ಹೆಚ್ಚು ಶಕ್ತಿ ಖರ್ಚು ಮಾಡುತ್ತಾರೆ. ಅವರಿಗೆ ಊಟ ಕಡಿಮೆ ಮಾಡಿದರೆ ತೂಕ ಇಳಿದು ಉಸಿರಾಟದ ಸ್ನಾಯುಗಳೂ ಸೊರಗುತ್ತವೆ. ಊಟದಲ್ಲಿ ನೋಡಬೇಕಾದ್ದು ಬೇರೆ: ಒಮ್ಮೆಗೇ ಹೊಟ್ಟೆ ಬಿರಿಯುವಷ್ಟು ರೊಟ್ಟಿ ತಿಂದರೆ ತುಂಬಿದ ಹೊಟ್ಟೆ ವಪೆಯನ್ನು (ಎದೆಗೂ ಹೊಟ್ಟೆಗೂ ನಡುವಿನ ಉಸಿರಾಟದ ಸ್ನಾಯುವನ್ನು) ಮೇಲಕ್ಕೆ ಒತ್ತುತ್ತದೆ. ದಿನಕ್ಕೆ ನಾಲ್ಕೈದು ಸಲ ಸ್ವಲ್ಪ ಸ್ವಲ್ಪ ಕೊಡಿ. ರಾತ್ರಿ ಊಟಕ್ಕೂ ಮಲಗುವುದಕ್ಕೂ ಎರಡು ಮೂರು ತಾಸು ಅಂತರವಿರಲಿ. ಎದೆ ಉರಿಯುವವರಿಗೆ ಹುಳಿ ಮೇಲೆ ಬಂದು ಕೆಮ್ಮು ಕೆರಳುತ್ತದೆ.

ಹಾಗಾದರೆ ದಮ್ಮು ಕೆರಳಿಸುವುದು ಯಾವುದು? ಬಹಳಷ್ಟು ಸಲ ನೆಗಡಿಯ ವೈರಸ್ಸು. ಶಾಲೆಯಿಂದ ಮೊಮ್ಮಗ ತಂದ ಸೀನು ಎರಡು ಮೂರು ದಿನದಲ್ಲಿ ಅಜ್ಜನ ಎದೆಗಿಳಿಯುತ್ತದೆ. ಈ ಎರಡು ಮೂರು ದಿನದ ಅಂತರದಿಂದಲೇ ನಾವು ಮೋಸಹೋಗುತ್ತೇವೆ. ಕಾರಣ ಮೊನ್ನೆಯದು, ನಾವು ಹುಡುಕುವುದು ಇವತ್ತಿನ ತಾಟಿನಲ್ಲಿ.

ಅದಕ್ಕೇ ಗೋಡೆಯ ಕ್ಯಾಲೆಂಡರಿನಲ್ಲಿ ದಿನವೂ ಬರೆದಿಡಬೇಕು. ಉಸಿರು ಕಟ್ಟಿದಾಗ ತೆಗೆದುಕೊಳ್ಳುವ ಪಂಪ್ (ಇನ್‌ಹೇಲರ್) ಇವತ್ತು ಎಷ್ಟು ಸಲ, ಕಫ ಬಿಳಿಯೋ ಹಳದಿಯೋ ಹಸಿರೋ, ಎಲ್ಲಿಯವರೆಗೆ ನಡೆದರೆ ದಮ್ಮು ಹತ್ತಿತು. ಪಕ್ಕದಲ್ಲಿ ಒಂದೇ ಪದ: ‘ನೆಗಡಿ’, ‘ರಾಶಿ’, ‘ಲೋಬಾನ’, ‘ಜಾತ್ರೆ’, ‘ಸುಣ್ಣಬಣ್ಣ’. ಉಲ್ಬಣಿಸಿದ ದಿನದಿಂದ ಮೂರು ದಿನ ಹಿಂದಕ್ಕೆ ಓದಿ. ಒಂದೇ ಪದ ಎರಡು ಮೂರು ಸಲ ಸಿಕ್ಕರೆ ಅದರ ಮೇಲೆ ಅನುಮಾನ ಇಡಿ. ಸುಮಾರು ಮೂರರಲ್ಲೊಂದು ಸಲ ಕಾರಣ ಸಿಗುವುದೇ ಇಲ್ಲ. ಆಗ ಬಾಳೆಹಣ್ಣನ್ನು ಹಿಡಿದು ತರಬೇಡಿ.

ಈಗ ನಮ್ಮ ಸೀಮೆಯ ಹೊಗೆ ಧೂಳಿನ ವಿಷಯ. ಕಬ್ಬಿನ ಹಂಗಾಮಿನಲ್ಲಿ ಕಟಾವಾದ ಹೊಲದಲ್ಲಿ ರವದಿಗೆ, ಅಂದರೆ ಕಬ್ಬಿನ ಒಣ ಸೋಗೆಗೆ ಬೆಂಕಿ ಇಡುತ್ತಾರೆ. ಮಾಳಿಗೆ ಮೇಲೆ ಬೀಳುವ ಕಪ್ಪು ಬೂದಿಯನ್ನು ನೋಡಿ ಎಲ್ಲರೂ ಬೈಯುತ್ತಾರೆ, ಆದರೆ ಅದು ದೊಡ್ಡ ಕಣ, ಮೂಗಿನಲ್ಲೇ ನಿಲ್ಲುತ್ತದೆ. ಪುಪ್ಪುಸದ ತಳ ಮುಟ್ಟುವುದು ಕಣ್ಣಿಗೆ ಕಾಣದ 2.5 ಮೈಕ್ರಾನ್‌ಗಿಂತ ಸಣ್ಣ ಕಣ. ಚಳಿಗಾಲದ ರಾತ್ರಿ ನೆಲದ ಹತ್ತಿರದ ಗಾಳಿ ತಣ್ಣಗಾಗಿ ಕುಳಿತುಬಿಡುವುದರಿಂದ ಸಂಜೆ ಹಚ್ಚಿದ ಹೊಗೆ ಬೆಳಗಿನವರೆಗೂ ಊರ ಮೇಲೇ ತೂಗಾಡುತ್ತದೆ. ನಸುಕಿನಲ್ಲಿ ವಾಕಿಂಗ್ ಹೋಗುವವರು ಅದನ್ನೇ ಕುಡಿಯುತ್ತಾರೆ. ಬಿಸಿಲೇರಿ ಹೊಗೆ ಕರಗಿದ ಮೇಲೆ ನಡೆಯಿರಿ, ಒಂಬತ್ತರ ನಂತರವಾದರೂ ಅಡ್ಡಿಯಿಲ್ಲ. ಪಕ್ಕದ ಹೊಲದವರಿಗೆ ಬೆಂಕಿ ಇಡುವ ದಿನ ಮೊದಲೇ ತಿಳಿಸಲು ಹೇಳಿ, ಅವತ್ತು ಗಾಳಿ ಬರುವ ಕಡೆಯ ಕಿಟಕಿ ಹಾಕಿ. ರವದಿಯನ್ನು ಪುಡಿ ಮಾಡಿ ಹೊಲದಲ್ಲೇ ಬಿಟ್ಟರೆ ತೇವ ಉಳಿಯುತ್ತದೆ, ಮಣ್ಣಿಗೂ ಒಳ್ಳೆಯದು. ಇದು ರೈತರಿಗೆ ಗೊತ್ತಿಲ್ಲದ್ದೇನಲ್ಲ. ಯಂತ್ರದ ಬಾಡಿಗೆಗಿಂತ ಕಡ್ಡಿಪೆಟ್ಟಿಗೆ ಅಗ್ಗ, ಅಷ್ಟೇ.

ತೊಗರಿ, ಬಿಳಿಜೋಳದ ರಾಶಿಯಲ್ಲಿ ಹೊಟ್ಟು, ಸುಂಕು ಎರಡೂ ಏಳುತ್ತವೆ. ಅದಕ್ಕಿಂತ ಕೆಟ್ಟದ್ದು ಮಳೆ ನೆನೆದ ಹಳೆಯ ಕಣಕಿ (ಜೋಳದ ಒಣ ದಂಟಿನ ಮೇವು) ಬಣವಿ ಬಿಚ್ಚುವ ಕೆಲಸ. ಒಳಗಿನ ಬೂಸಿನ ಪುಡಿ ನೇರ ಎದೆಗೆ ಹೋಗುತ್ತದೆ. ಆ ಕೆಲಸ ಮನೆಯ ಬೇರೆಯವರು ಮಾಡಲಿ. ಮೂಗಿಗೆ ಟವೆಲ್ ಸುತ್ತಿದರೆ ಸಣ್ಣ ಕಣ ನಿಲ್ಲುವುದಿಲ್ಲ, ಎನ್95 ಮಾಸ್ಕ್ ಬೇಕು, ಅದೂ ಮುಖಕ್ಕೆ ಬಿಗಿಯಾಗಿ ಕೂತರೆ ಮಾತ್ರ. ರೋಗ ಮುಂದುವರಿದವರಿಗೆ ಆ ಮಾಸ್ಕಿನಲ್ಲೇ ಉಸಿರು ಕಟ್ಟಬಹುದು. ಅಂಥವರು ಅಲ್ಲಿಂದ ದೂರ ಇರುವುದೊಂದೇ ದಾರಿ. ರಬಕವಿ-ಬನಹಟ್ಟಿಯ ಮಗ್ಗದ ಹತ್ತಿ ಧೂಳಿಗೂ ಇಳಕಲ್ಲಿನ ಗ್ರಾನೈಟ್ ಧೂಳಿಗೂ ಇದೇ ಮಾತು. ಕಲ್ಲು ಕತ್ತರಿಸುವಾಗ ನೀರು ಬಿಡದ ಮಾಲೀಕನಿಗೆ ಇನ್ನೆರಡು ಮಾತು ಹೇಳಬಹುದು, ಇಲ್ಲಿ ಬೇಡ.

ಜಾತ್ರೆಗೆ ಹೋಗಬೇಡಿ ಅಂದರೆ ಯಾರೂ ಕೇಳುವುದಿಲ್ಲ. ಸವದತ್ತಿ ಗುಡ್ಡಕ್ಕೆ ಹುಣ್ಣಿಮೆಯ ನೂಕುನುಗ್ಗಲು ತಪ್ಪಿಸಿ ಬೇರೆ ದಿನ ಹೋದರೆ ಭಂಡಾರದ ಧೂಳೂ ಕಡಿಮೆ, ಕೆಮ್ಮುವ ಜನರೂ ಕಡಿಮೆ. ಬಾಗಲಕೋಟೆಯ ಹೋಳಿ ಒಂದು ದಿನಕ್ಕೆ ಮುಗಿಯುವುದಿಲ್ಲ. ಕಾಮದಹನದ ಹೊಗೆ, ಆಮೇಲೆ ಬಣ್ಣ. ಪೇಟೆಯಲ್ಲಿ ಮನೆಯಿದ್ದವರು ಆ ದಿನಗಳಲ್ಲಿ ಅಜ್ಜ ಅಜ್ಜಿಯನ್ನು ಊರಾಚೆಯ ಬೀಗರ ಮನೆಗೆ ಕಳಿಸಿದರೆ ತಪ್ಪೇನೂ ಇಲ್ಲ.

ವಿಜಯಪುರದ ಇಬ್ರಾಹಿಂಪುರ, ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಗಾಳಿ ಅಳೆಯುವ ಕೇಂದ್ರಗಳಿವೆ, ಅಂಕಿ ‘ಸಮೀರ್’ ಆ್ಯಪಿನಲ್ಲಿ ಸಿಗುತ್ತದೆ. ವಾಯು ಗುಣಮಟ್ಟದ ಸೂಚ್ಯಂಕ 100 ದಾಟಿದರೆ ಪುಪ್ಪುಸದ ರೋಗಿಗಳಿಗೆ ತೊಂದರೆ ಶುರು. ಆದರೆ ಅದು ಬೀದಿಯ ಗಾಳಿ, ನಿಮ್ಮ ಅಡುಗೆಮನೆಯದಲ್ಲ. ಮುಚ್ಚಿದ ಕೋಣೆಯಲ್ಲಿ ಒಂದು ಸೊಳ್ಳೆ ಬತ್ತಿ ಬಿಡುವ ಸಣ್ಣ ಕಣ ಸುಮಾರು ನೂರು ಸಿಗರೇಟಿನಷ್ಟು. ಅದರ ಬದಲು ಸೊಳ್ಳೆ ಪರದೆ ಕಟ್ಟಿ. ಊದುಬತ್ತಿ, ಲೋಬಾನ ಅಂಗಳದಲ್ಲಿ ಹಚ್ಚಿ. ಖಾರ ಕುಟ್ಟುವುದು, ಮೆಣಸಿನಕಾಯಿ ಹುರಿಯುವುದು ರೋಗಿ ಮನೆಯಲ್ಲಿಲ್ಲದಾಗ ಆಗಲಿ. ಚಹಾಕ್ಕೆ ಗ್ಯಾಸ್, ರೊಟ್ಟಿಗೂ ಸ್ನಾನದ ನೀರಿಗೂ ಒಲೆ ಇದ್ದರೆ ಆ ಮನೆ ಗ್ಯಾಸಿನ ಮನೆಯಲ್ಲ. ಬೀಡಿ ಮುಟ್ಟದ ಅವ್ವನಿಗೆ ಸಿಒಪಿಡಿ ಬರುವುದು ಹೀಗೆಯೇ. (ಬೀಡಿಯ ವಿಷಯ ಬಿಡಿಸಿ ಹೇಳುವುದಿಲ್ಲ. ಅದು ನಿಲ್ಲದಿದ್ದರೆ ಉಳಿದದ್ದೆಲ್ಲ ಅರ್ಧ ಕೆಲಸ.)

ಔಷಧಿಯ ಡಬ್ಬಿಯಲ್ಲೂ ಹುಡುಕಿ. ಕಣ್ಣಿನ ಗ್ಲಾಕೋಮಾಕ್ಕೆ ಹಾಕುವ ಟಿಮೊಲಾಲ್ ಹನಿ ಶ್ವಾಸನಾಳವನ್ನು ಬಿಗಿ ಮಾಡಬಲ್ಲದು. ಕಣ್ಣಿನ ಡಾಕ್ಟರಿಗೆ ಎದೆಯ ರೋಗ ಗೊತ್ತಿರುವುದಿಲ್ಲ, ಎದೆಯ ಡಾಕ್ಟರಿಗೆ ಹನಿ ಗೊತ್ತಿರುವುದಿಲ್ಲ, ಇಬ್ಬರಿಗೂ ನೀವೇ ಹೇಳಬೇಕು. ನಿದ್ದೆ ಮಾತ್ರೆ ಉಸಿರಾಟವನ್ನು ಇನ್ನಷ್ಟು ಮಂದ ಮಾಡಬಹುದು. ಇನ್ನು ‘ಚಟ ಆಗುತ್ತದೆ’ ಅಂತ ದಿನದ ಪಂಪ್ ಬಿಡುವುದಂತೂ ಉಲ್ಬಣಕ್ಕೆ ತಾವೇ ಕೊಟ್ಟ ಆಮಂತ್ರಣ. ಸ್ಪ್ರೇ ಪಂಪ್ ಆದರೆ ಅಲುಗಾಡಿಸಿ, ಉಸಿರು ಪೂರ್ತಿ ಬಿಟ್ಟು, ಒಂದು ಸಲ ಒತ್ತಿ ನಿಧಾನ ಎಳೆದುಕೊಂಡು ಹತ್ತು ಎಣಿಸುವವರೆಗೆ ಹಿಡಿಯಬೇಕು. ಪಂಪಿಗೂ ಬಾಯಿಗೂ ನಡುವೆ ಜೋಡಿಸುವ ಸ್ಪೇಸರ್ ಕೊಳವೆ ಇದ್ದರೆ ಒಳ್ಳೆಯದು. ಕ್ಯಾಪ್ಸೂಲ್ ಹಾಕುವ ಪುಡಿಯದಾದರೆ ಉಲ್ಟಾ, ಜೋರಾಗಿ ಸೆಳೆಯಬೇಕು. ಪಂಪಿನಲ್ಲಿ ಸ್ಟೆರಾಯ್ಡ್ ಇದ್ದರೆ ಆಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು.

ಫ್ಲೂ ಲಸಿಕೆ ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮೊದಲೇ. ಕೆಲಸ ಮಾಡಲು ಅದಕ್ಕೆ ಎರಡು ವಾರ ಬೇಕು. ನ್ಯುಮೋನಿಯಾ ಲಸಿಕೆಯನ್ನೂ ಕೇಳಿ.

ಇಷ್ಟಾದರೂ ಉಲ್ಬಣಿಸುತ್ತದೆ. ಕಫ ಹೆಚ್ಚಾಗಿ ಬಣ್ಣ ತಿರುಗಿದರೆ, ಪಂಪ್ ಎರಡು ಪಟ್ಟು ಬೇಕಾದರೆ ಅವತ್ತೇ ಡಾಕ್ಟರರನ್ನು ಕಾಣಿ. ಹಿಂದಿನ ಚೀಟಿ ತೋರಿಸಿ ಔಷಧ ಅಂಗಡಿಯಿಂದ ಆ್ಯಂಟಿಬಯೋಟಿಕ್ ತರಬೇಡಿ. ಒಂದು ವಾಕ್ಯ ಪೂರ್ತಿ ಆಡಲಾಗದಿದ್ದರೆ, ತುಟಿ ನೀಲಿಯಾದರೆ, ಮಂಪರು ಬಂದರೆ, ಮಾತು ಅಡ್ಡಾದಿಡ್ಡಿಯಾದರೆ ಕಾಯದೆ 108ಕ್ಕೆ ಫೋನ್ ಮಾಡಿ. ಆಕ್ಸಿಜನ್ ಹಚ್ಚುವವರಿಗೆ ‘ಇವರಿಗೆ ಸಿಒಪಿಡಿ ಇದೆ’ ಅಂತ ಮೊದಲೇ ಹೇಳಿ. ಇವರಿಗೆ ರಕ್ತದ ಆಕ್ಸಿಜನ್ ಮಟ್ಟ ಶೇ. 88ರಿಂದ 92 ಸಾಕು. ನೂರಕ್ಕೆ ಏರಿಸಲು ಹೋದರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಹೆಚ್ಚಿ ರೋಗಿ ಪ್ರಜ್ಞೆ ತಪ್ಪಬಹುದು.