ಕೊನೆಯ ಹದಿನೈದು ನಿಮಿಷ

ಸಿನಿಮಾದ ಬಗ್ಗೆ ಮಾತಾಡುವ ಅರ್ಹತೆ ನನಗೆ ಪೂರ್ತಿ ಇಲ್ಲ. ಮುಕ್ಕಾಲು ಪಾಲು ಉಂಟು. ಪಿಯುಸಿಯಿಂದ ಡಿಗ್ರಿ ಮುಗಿಯುವ ತನಕ ನಾನು ನೋಡಿದ ಯಾವ ಸಿನಿಮಾಕ್ಕೂ ಕೊನೆ ಇರಲಿಲ್ಲ.

ತಪ್ಪು ಬಸ್ಸಿನದು. ನಮ್ಮ ಮನೆ ಉಡುಪಿಯಿಂದ ಪೆರ್ಡೂರಿಗೆ ಹೋಗುವ ದಾರಿಯಲ್ಲಿ, ಹಿರಿಯಡಕ ದಾಟಿ. ನಮಗೆ ಲಾಸ್ಟ್ ಬಸ್ ರಾತ್ರಿ ಎಂಟು ಐವತ್ತಕ್ಕೆ. ಕಲ್ಪನಾದಲ್ಲೋ ಅಲಂಕಾರ್‌ನಲ್ಲೋ ಫಸ್ಟ್ ಶೋ ಬಿಡುವಾಗ ಎಂಟೂಮುಕ್ಕಾಲು ಆಗುತ್ತಿತ್ತು. ಹಾಗಾಗಿ ಎಂಟೂವರೆ ಆದದ್ದೇ ನಾನು ಮತ್ತು ನನ್ನ ಗೆಳೆಯ ಬೆನ್ನು ಬಗ್ಗಿಸಿಕೊಂಡು, ಹತ್ತು ಜನರ ಕಾಲು ತುಳಿದು, ಹಿಂದಿನವರಿಂದ ಬೈಸಿಕೊಂಡು ಹೊರಗೆ ಬರುತ್ತಿದ್ದೆವು. ಆಮೇಲೆ ಸರ್ವಿಸ್ ಬಸ್ ಸ್ಟ್ಯಾಂಡಿಗೆ ಓಟ. ನಾಯಕನೂ ಅದೇ ಹೊತ್ತಿಗೆ ಪರದೆಯ ಮೇಲೆ ಯಾರನ್ನೋ ಅಟ್ಟಿಸಿಕೊಂಡು ಓಡುತ್ತಿರುತ್ತಿದ್ದ.

ಮ್ಯಾಟಿನಿಗೆ ಹೋಗಬಹುದಿತ್ತಲ್ಲ ಅಂತ ಮಗಳು ಕೇಳುತ್ತಾಳೆ. ವಾರದ ದಿನ ಮ್ಯಾಟಿನಿ ಅಂದರೆ ಕ್ಲಾಸಿಗೆ ಚಕ್ಕರ್. ಭಾನುವಾರದ ಮ್ಯಾಟಿನಿ ಅಂದರೆ ಪಕ್ಕದ ಸೀಟಿನಲ್ಲಿ ಅಪ್ಪನ ಪರಿಚಯದವರು. ಫಸ್ಟ್ ಶೋಗಾದರೆ ಮನೆಯಲ್ಲಿ ಹೇಳಲು ಸ್ಪೆಷಲ್ ಕ್ಲಾಸ್ ಎಂಬ ಒಳ್ಳೆಯ ಶಬ್ದ ಇತ್ತು.

ಬಸ್ಸಿನ ಹಿಂದಿನ ಬಾಗಿಲ ಹತ್ತಿರ ನೇತಾಡಿಕೊಂಡು ನಾವು ಸಿನಿಮಾ ಮುಗಿಸುತ್ತಿದ್ದೆವು. ಗೆಳೆಯ ಕಟುಕ. ಮಣಿಪಾಲ ಬರುವುದರೊಳಗೆ ಎರಡು ಹೆಣ ಬೀಳಿಸುತ್ತಿದ್ದ. ನಾನು ಮೆತ್ತಗಿನವ. ಹಿರಿಯಡಕ ಬರುವಾಗ ಖಳನಾಯಕನಿಗೂ ಒಂದು ಕೆಲಸ ಕೊಡಿಸಿ, ಅವನ ತಂಗಿಯ ಮದುವೆ ಮಾಡಿಸಿರುತ್ತಿದ್ದೆ. ಒಂದು ದಿನ ನಮ್ಮ ವಾದ ಕೇಳಿ ಕೇಳಿ ಸಾಕಾದ ಕಂಡಕ್ಟರ್ ಚಿಲ್ಲರೆ ಕೊಡುತ್ತಾ, "ಎಂತ ಸಾವು ಮಾರಾಯ್ರೆ ನಿಮ್ದು, ಆ ಹುಡುಗಿಗೆ ಕ್ಯಾನ್ಸರ್, ಸಾಯ್ತಾಳೆ, ನಾನು ನಿನ್ನೆ ನೋಡಿದ್ದೇನೆ" ಅಂದುಬಿಟ್ಟರು. ನಾವು ಅವರ ಹತ್ತಿರ ಒಂದು ವಾರ ಮಾತಾಡಲಿಲ್ಲ. ಆ ಹುಡುಗಿಗೆ ಕ್ಯಾನ್ಸರ್ ಬರುವ ಯಾವ ಲಕ್ಷಣವೂ ನಾವು ಏಳುವವರೆಗೆ ಇರಲಿಲ್ಲ. ಸೈಕಲ್ ಹೊಡೆಯುತ್ತಿದ್ದಳು, ಹಾಡುತ್ತಿದ್ದಳು. ಕೊನೆಗೆ ಹದಿನೈದು ನಿಮಿಷ ಇರುವಾಗ ಕ್ಯಾನ್ಸರ್!

ಶೋಲೆಯ ಕಥೆ ಇನ್ನೂ ತಮಾಷೆ. ಹಳೇ ಸಿನಿಮಾ ಪುನಃ ಬಂದಾಗ ನೋಡಿದ್ದು. ಮೂರು ಗಂಟೆ ದಾಟುವ ಸಿನಿಮಾ ಅದು, ಹಾಗಾಗಿ ನಮಗೆ ಹದಿನೈದು ನಿಮಿಷಕ್ಕಿಂತ ತುಂಬಾ ಜಾಸ್ತಿಯೇ ತಪ್ಪಿತು. ಜಯ್ ಸಾಯುವ ಮೊದಲೇ ನಾವು ಬಸ್ಸಿನಲ್ಲಿದ್ದೆವು. ಅವನು ಸತ್ತ ಅಂತ ಕ್ಲಾಸಿನವರು ಹೇಳಿದರೂ ನಾನು ನಂಬಲಿಲ್ಲ. ನನ್ನ ಲೆಕ್ಕದಲ್ಲಿ ಅವನು ಊರಿಗೆಲ್ಲ ಸತ್ತ ಮೇಲೂ ಐದಾರು ವರ್ಷ ಬದುಕಿದ್ದ.

1994ರಲ್ಲಿ ಉದಯ ಟಿವಿ ಬಂತು. ಕನ್ನಡ ಸಿನಿಮಾಗಳು ಮನೆಯೊಳಗೇ ಬರತೊಡಗಿದವು, ಕೊನೆಯ ಸಮೇತ. ಹಳೇ ಸಾಲ ಒಂದೊಂದೇ ವಸೂಲಾದ ಹಾಗೆ ಖುಷಿಯಿಂದ ಕೂತೆ. ಮೂರ್ನಾಲ್ಕು ಸಿನಿಮಾ ಆದ ಮೇಲೆ ಒಂದು ಸಂಗತಿ ಗೊತ್ತಾಯಿತು. ಲಾಸ್ಟ್ ಬಸ್ ನನಗೆ ಉಪಕಾರವನ್ನೇ ಮಾಡಿತ್ತು.

ಎಲ್ಲ ಸಿನಿಮಾಗಳೂ ಕೊನೆಗೆ ಒಂದೇ ಗೋಡೌನಿಗೆ ಹೋಗುತ್ತಿದ್ದವು. ಅದರಲ್ಲಿ ಖಾಲಿ ಡ್ರಮ್ಮುಗಳು. ಪಣಂಬೂರಿನ ಬಂದರಿನಲ್ಲಿ ಕೂಡ ನಾನು ಅಷ್ಟು ಡ್ರಮ್ಮು ನೋಡಿಲ್ಲ. ಒಂದು ಕಂಬ, ಕಂಬಕ್ಕೆ ಕಟ್ಟಿಹಾಕಿದ ತಾಯಿ, ಪಕ್ಕದಲ್ಲಿ ಒಂದು ಜೀಪು. ಅಪ್ಪನಿಗೂ ಮಗನಿಗೂ ಮಾತು ಬಿಟ್ಟ ಕಥೆ ಇರುತ್ತದೆ ಅಂತಿಟ್ಟುಕೊಳ್ಳಿ. ಎರಡು ಗಂಟೆ ಎಷ್ಟು ಚಂದ ಬಂದಿರುತ್ತದೆ! ಊಟಕ್ಕೆ ಕೂತಾಗ ಅಪ್ಪ ಉಪ್ಪಿನಕಾಯಿ ಭರಣಿಯನ್ನು ಸುಮ್ನೆ ಮಗನ ಕಡೆ ತಳ್ಳುತ್ತಾನೆ, ಮಗ ತಲೆ ಎತ್ತುವುದಿಲ್ಲ. ನಮ್ಮನೆಯಲ್ಲೂ ಹೀಗೇ ಅಲ್ವಾ ಅನಿಸುತ್ತದೆ. ಈ ಇಬ್ಬರು ಹೇಗೆ ಮಾತಾಡುತ್ತಾರೆ ಅಂತ ಕಾಯುತ್ತಾ ಕೂತರೆ ಗೋಡೌನು ಬರುತ್ತದೆ. ಅಪ್ಪನಿಗೆ ಬೀಳಬೇಕಾದ ಗುಂಡಿಗೆ ಮಗ ಎದೆ ಕೊಡುತ್ತಾನೆ, ಅಪ್ಪ ಅವನ ಹೆಸರು ಹಿಡಿದು ಕಿರುಚುತ್ತಾನೆ. ಮುಗಿಯಿತು, ಮಾತಾಡಿದರಲ್ಲ! ಆ ಉಪ್ಪಿನಕಾಯಿ ಭರಣಿಯನ್ನು ಅಷ್ಟು ಮೆಲ್ಲಗೆ ತಳ್ಳಿಸಿದವರು ಯಾರು, ಈ ಗುಂಡು ಹೊಡೆಸಿದವರು ಯಾರು ಅಂತ ನನಗೆ ಇವತ್ತಿಗೂ ಅನುಮಾನ. ಇಬ್ಬರೂ ಒಬ್ಬರೇ ಇರಲಿಕ್ಕಿಲ್ಲ.

ಒಮ್ಮೊಮ್ಮೆ ನಿಜಕ್ಕೂ ಬೇರೆಯವರೇ ಇರುತ್ತಾರೆ. ಶೋಲೆಯ ಕೊನೆಯನ್ನೇ ನೋಡಿ. ಎರಡೂ ಕೈ ಕಳೆದುಕೊಂಡ ಠಾಕೂರ್ ಮೊಳೆ ಹೊಡೆದ ಬೂಟಿನಿಂದ ಗಬ್ಬರ್‌ನನ್ನು ತುಳಿದು ಕೊಲ್ಲುವುದು ಮೊದಲು ತೆಗೆದದ್ದು. ಆಗ 1975, ತುರ್ತು ಪರಿಸ್ಥಿತಿಯ ಕಾಲ. ಪೊಲೀಸ್ ಅಧಿಕಾರಿಯಾಗಿದ್ದವನು ಕಾನೂನು ಕೈಗೆತ್ತಿಕೊಂಡರೆ ಹೇಗೆ ಅಂತ ಸೆನ್ಸಾರಿನವರು ಒಪ್ಪಲಿಲ್ಲ. ಕೈಯೇ ಇಲ್ಲದವನು ಕೈಗೆತ್ತಿಕೊಳ್ಳುವುದು ಹೇಗೆ ಅಂತ ಯಾರೂ ಕೇಳಿದ ಹಾಗೆ ಕಾಣುವುದಿಲ್ಲ. ಒಟ್ರಾಸಿ, ಕೊನೆಯನ್ನು ಪುನಃ ಚಿತ್ರೀಕರಿಸಬೇಕಾಯಿತು. ಠಾಕೂರ್ ಇನ್ನೇನು ತುಳಿಯಬೇಕು ಅನ್ನುವಾಗ ಪೊಲೀಸರು ಬಂದು, ಇದು ಕಾನೂನಿನ ಕೆಲಸ ಅಂತ ಬುದ್ಧಿ ಹೇಳಿ ಗಬ್ಬರ್‌ನನ್ನು ಕರೆದುಕೊಂಡು ಹೋಗುತ್ತಾರೆ. ಅಷ್ಟು ಹೊತ್ತು ಆ ಪೊಲೀಸರು ಎಲ್ಲಿದ್ದರೋ. ಮೂಲದ ಕೊನೆ ಇರುವ ಪ್ರತಿಯನ್ನು ದುರಸ್ತಿ ಮಾಡಿ 2025ರಲ್ಲಿ ಇಟಲಿಯ ಬೊಲೊನ್ಯಾದಲ್ಲಿ ತೋರಿಸಿದರು. ಐವತ್ತು ವರ್ಷ ಬೇಕಾಯಿತು. ನನ್ನ ಬಸ್ಸು ಇಷ್ಟು ತಡ ಮಾಡಿದ್ದಿಲ್ಲ.

ಕೆಟ್ಟ ಕೊನೆಯನ್ನು ಹಚ್ಚುವಾಗ ಕ್ಷಮೆ ಕೇಳಿದ ಒಂದು ಸಿನಿಮಾ ಮಾತ್ರ ನನಗೆ ಗೊತ್ತು. 1924ರ ಜರ್ಮನ್ ಮೂಕಿ ಚಿತ್ರ, ಮುರ್ನೌ ಎಂಬ ನಿರ್ದೇಶಕನದು, 'ದಿ ಲಾಸ್ಟ್ ಲಾಫ್' ಅಂತ. ದೊಡ್ಡ ಹೋಟೆಲಿನ ಬಾಗಿಲಲ್ಲಿ ಚಿನ್ನದ ಗುಂಡಿಯ ಕೋಟು ಹಾಕಿ ಮೆರೆಯುತ್ತಿದ್ದ ಮುದುಕ. ವಯಸ್ಸಾಯಿತು ಅಂತ ಅವನ ಕೋಟು ಬಿಚ್ಚಿಸಿ ಶೌಚಾಲಯದಲ್ಲಿ ಟವೆಲ್ ಕೊಡುವ ಕೆಲಸಕ್ಕೆ ಹಾಕುತ್ತಾರೆ. ಕತ್ತಲಲ್ಲಿ ಅವನು ಕುಸಿದು ಕೂತಿರುವಾಗ ಪರದೆಯ ಮೇಲೆ ಬರಹ ಬರುತ್ತದೆ. ಕಥೆ ನಿಜಕ್ಕೂ ಇಲ್ಲಿಗೇ ಮುಗಿಯಬೇಕು, ಆದರೆ ಬರೆದವನಿಗೆ ಇವನ ಮೇಲೆ ಕನಿಕರ ಹುಟ್ಟಿ, ನಂಬಲಾಗದ ಒಂದು ಕೊನೆ ಕೊಟ್ಟಿದ್ದಾನೆ ಅಂತ. ಆಮೇಲೆ ಯಾರೋ ಸಿರಿವಂತ ಇವನ ತೋಳಿನಲ್ಲಿ ಪ್ರಾಣ ಬಿಟ್ಟು ಆಸ್ತಿಯೆಲ್ಲ ಇವನಿಗೆ ಬರುತ್ತದೆ. ನೋಡಿ ನಗು ಬಂತು, ಸಿಟ್ಟು ಬರಲಿಲ್ಲ. ಬೇಕಾದವರು ಆ ಬರಹ ಬಂದಾಗಲೇ ಎದ್ದು ಬಸ್ಸಿಗೆ ಹೋಗಬಹುದಲ್ಲ.

ನನಗೆ ಜಾಸ್ತಿ ಕಿರಿಕಿರಿ ಆಗುವುದು ಸಾವು, ಮದುವೆ, ಗೋಡೌನಿನಿಂದ ಕೂಡ ಅಲ್ಲ. ವಿವರಣೆಯಿಂದ. ಎಲ್ಲ ಆಗಿ, ನಮಗೆಲ್ಲ ಅರ್ಥವೂ ಆಗಿ, ಚಪ್ಪಲಿ ಹುಡುಕುತ್ತಿರುವಾಗ ಒಬ್ಬ ಎದ್ದು ನಿಂತು ಪಾಠ ಶುರು ಮಾಡುತ್ತಾನೆ. ಹಿಚ್‌ಕಾಕ್‌ನಂಥವರೂ ಇದರಿಂದ ಪಾರಾಗಲಿಲ್ಲ. ಬೆನ್ನಹುರಿ ತಣ್ಣಗಾಗುವ 1960ರ 'ಸೈಕೋ'ದಲ್ಲಿ ಕೊನೆಗೆ ಒಬ್ಬ ಮನೋವೈದ್ಯ ಬಂದು, ಕೊಲೆಗಾರನ ತಲೆಯೊಳಗೆ ಏನೇನಿತ್ತು ಅಂತ ನಿಂತು ವಿವರಿಸುತ್ತಾನೆ. ಪುಣ್ಯಕ್ಕೆ ಅದಾದ ಮೇಲೂ ಒಂದು ದೃಶ್ಯ ಉಂಟು, ಅದು ಚಳಿ ಹಿಡಿಸುತ್ತದೆ. ನಮ್ಮ ಸಿನಿಮಾಗಳಲ್ಲಿ ವೈದ್ಯರ ಖರ್ಚೂ ಇಲ್ಲ. ಹಳೇ ದೃಶ್ಯಗಳನ್ನೇ ಬಣ್ಣ ತೆಗೆದು ಪುನಃ ಓಡಿಸುತ್ತಾರೆ. ಅವಳು ಲೋಟ ಕೆಳಗಿಟ್ಟದ್ದು ನೆನಪುಂಟಾ? ಅವನು ಕಿಟಕಿಯಿಂದ ನೋಡಿದ್ದು ನೆನಪುಂಟಾ? ನೆನಪುಂಟು ಮಾರಾಯ, ಅರ್ಧ ಗಂಟೆ ಮೊದಲು ನಾನೇ ನೋಡಿದ್ದಲ್ಲವಾ. ಟಿಕೆಟ್ ಕೊಟ್ಟು ಬಂದವನು ದಡ್ಡ ಅಂತ ಕೊನೆಗೆ ಹತ್ತು ನಿಮಿಷ ಇರುವಾಗ ಇವರಿಗೆ ಯಾಕೆ ಅನಿಸುತ್ತದೋ.

ಈಗ ಇನ್ನೊಂದು ಶುರುವಾಗಿದೆ. ಕೊನೆಯನ್ನೇ ಕೊಡದೆ ಎರಡನೇ ಭಾಗದಲ್ಲಿ ನೋಡಿ ಅನ್ನುವುದು. ಅದರ ಬಗ್ಗೆ ನಾನೂ ಎರಡನೇ ಭಾಗದಲ್ಲಿ ಬರೆಯುತ್ತೇನೆ.

ಅಮ್ಮ ಸಿನಿಮಾ ನೋಡಿದ್ದು ಕಮ್ಮಿ. ನೋಡಿದ್ದರಲ್ಲಿ ಒಂದು 'ಬಂಗಾರದ ಮನುಷ್ಯ', 1972ರದ್ದು. ಕೊನೆಯಲ್ಲಿ ರಾಜ್‌ಕುಮಾರ್ ಊರು ಬಿಟ್ಟು ನಡೆದುಹೋಗುತ್ತಾರೆ. ವಾಪಸ್ ಬರುವುದಿಲ್ಲ. ಎಲ್ಲಿಗೆ ಹೋದರು ಅಂತ ಯಾರೂ ಹೇಳುವುದಿಲ್ಲ. ಅಮ್ಮನಿಗೆ ಅದು ಸಮಾಧಾನ ಆಗಲೇ ಇಲ್ಲ. ಎಷ್ಟೋ ವರ್ಷಗಳ ನಂತರ, ಮಳೆಗಾಲದ ಒಂದು ರಾತ್ರಿ ಕರೆಂಟ್ ಹೋಗಿ ಚಿಮಣಿ ದೀಪದಲ್ಲಿ ಕೂತಿದ್ದಾಗ ಇದ್ದಕ್ಕಿದ್ದ ಹಾಗೆ, "ಆ ರಾತ್ರಿ ರಾಜೀವಪ್ಪ ಎಲ್ಲಿ ಮಲಗಿದನೋ ಏನೋ" ಅಂದಳು. ಯಾವ ರಾಜೀವಪ್ಪ, ನಮ್ಮ ಸಂಬಂಧಿಕರಾ ಅಂತ ಅಪ್ಪ ಕೇಳಿದರು.

ಅಜ್ಜನಿಗೆ ಸಿನಿಮಾ ಅಂದರೆ ತಾತ್ಸಾರ. ಅವರದ್ದು ಏನಿದ್ದರೂ ಆಟ, ಅಂದರೆ ಯಕ್ಷಗಾನ. ಕಟೀಲು ಮೇಳದ ದೇವಿ ಮಹಾತ್ಮೆ ಎಲ್ಲಿ ಇದ್ದರೂ ಹೆಗಲಿಗೆ ಚಾಪೆ ಹಾಕಿಕೊಂಡು ಹೋಗುತ್ತಿದ್ದರು. ನನ್ನನ್ನೂ ಎಳೆದುಕೊಂಡು ಹೋಗುತ್ತಿದ್ದರು. ಕೂತು ಸ್ವಲ್ಪ ಹೊತ್ತಿಗೇ ಅವರಿಗೆ ನಿದ್ದೆ. "ಮಹಿಷಾಸುರ ಬರುವಾಗ ಎಬ್ಬಿಸು" ಅಂತ ಹೇಳಿ ಮಲಗುತ್ತಿದ್ದರು. ಎಬ್ಬಿಸುವ ಕೆಲಸವೇ ಇರಲಿಲ್ಲ. ಮಹಿಷಾಸುರ ಬರುವುದು ರಂಗಸ್ಥಳದ ಹಿಂದಿನಿಂದ ಅಲ್ಲ, ನಮ್ಮ ನಡುವಿನಿಂದ. ದೊಂದಿ, ಗರ್ನಾಲು, ಕೂಗಾಟ, ಮೇಲಿಂದ ಚೆಂಡೆ. ಸತ್ತವನೂ ಎದ್ದು ಕೂರಬೇಕು. ಅವನು ಕೊನೆಗೆ ದೇವಿಯ ಕೈಯಲ್ಲಿ ಸಾಯುತ್ತಾನೆ ಅಂತ ಅಲ್ಲಿದ್ದ ಕೈಗೂಸಿಗೂ ಗೊತ್ತು. ಆದರೂ ಯಾರೂ ಏಳುವುದಿಲ್ಲ. ಅವನು ಸತ್ತ ಮೇಲೂ ಚಂಡ ಮುಂಡರು ಉಂಟು, ರಕ್ತಬೀಜ ಉಂಟು, ಶುಂಭ ನಿಶುಂಭರು ಉಂಟು. ಎಲ್ಲರೂ ಸಾಯಲೇಬೇಕು, ಸಾಯುತ್ತಾರೆ. ಮೂಡಣ ಕೆಂಪಾಗುವ ಹೊತ್ತಿಗೆ ಭಾಗವತರು ಮಂಗಳ ಹಾಡುತ್ತಾರೆ. ಯಾಕೆ ಹೀಗಾಯಿತು ಅಂತ ವಿವರಿಸಲು ಯಾರೂ ಬರುವುದಿಲ್ಲ. ಇಡೀ ರಾತ್ರಿ ಮಾತಾಡಿ ಆಗಿರುತ್ತದಲ್ಲ. ಅಜ್ಜ ಚಾಪೆ ಕೊಡವಿ ಸುತ್ತುತ್ತಿದ್ದರು. ನಾವು ಫಸ್ಟ್ ಬಸ್ಸಿಗೆ ಹೋಗುತ್ತಿದ್ದೆವು.

ನನ್ನ ಕಾಯಿಲೆಗೆ ಮೂಲ ಇಲ್ಲೇ ಇರಬಹುದು. ಆಟ ಬಿಟ್ಟು ಫಸ್ಟ್ ಬಸ್, ಸಿನಿಮಾ ಬಿಟ್ಟು ಲಾಸ್ಟ್ ಬಸ್. ಒಂದಕ್ಕೆ ಕೊನೆ ಮಾಡಲು ಬೆಳಗಿನ ತನಕ ಪುರುಸೊತ್ತು, ಇನ್ನೊಂದಕ್ಕೆ ಎಲ್ಲರಿಗೂ ಅವಸರ, ನಿರ್ದೇಶಕನಿಗೂ ಸೇರಿ.

ಅವಸರದಲ್ಲಿ ಮಾಡಿದ್ದೆಲ್ಲ ಕೆಡಬೇಕು ಅಂತಿಲ್ಲ ಬಿಡಿ. ನಮ್ಮೂರಿನ ಗಡ್‌ಬಡ್ ಐಸ್‌ಕ್ರೀಮೇ ಉಂಟಲ್ಲ. ಉಡುಪಿಯ ಡಯಾನಾದಲ್ಲಿ ಗಡಿಬಿಡಿಯಲ್ಲಿ ಇದ್ದದ್ದೆಲ್ಲ ಒಂದು ಗ್ಲಾಸಿಗೆ ಸುರಿದು ಹುಟ್ಟಿದ್ದು ಅನ್ನುತ್ತಾರೆ. ಆದರೂ ಉದ್ದ ಚಮಚ ತಳ ಮುಟ್ಟುವಾಗ ಅಲ್ಲಿ ಜೆಲ್ಲಿ, ಹಣ್ಣಿನ ಚೂರು, ಕರಗಿದ ಐಸ್‌ಕ್ರೀಮು ಎಲ್ಲ ಸೇರಿ ಒಂದು ರುಚಿ ಕಾದಿರುತ್ತದೆ. ಪರೀಕ್ಷೆ ಮುಗಿದ ದಿನ ನಾನು ಮತ್ತು ಗೆಳೆಯ ಒಂದು ಗ್ಲಾಸ್ ತಂದು ಎರಡು ಚಮಚ ಹಾಕುತ್ತಿದ್ದೆವು. ತಳ ಯಾರಿಗೆ ಅಂತ ಜಗಳ.

ಈಗ ನಾನಿರುವುದು ಮಂಗಳೂರಿನಲ್ಲಿ. ಸ್ವಂತ ಕಾರು ಉಂಟು, ಮಾಲ್‌ನಲ್ಲಿ ಪಾರ್ಕಿಂಗ್ ಉಂಟು. ಆದರೂ ಸಿನಿಮಾ ಎರಡು ಗಂಟೆ ದಾಟಿದ್ದೇ ಕಾಲು ತನ್ನಷ್ಟಕ್ಕೇ ಸೀಟಿನ ಕೆಳಗೆ ಚಪ್ಪಲಿ ಹುಡುಕುತ್ತದೆ. ಮಗಳು ನನ್ನ ಅಂಗಿ ಹಿಡಿದು ಕೂರಿಸುತ್ತಾಳೆ. ಕಾಂತಾರಕ್ಕೆ ಹೋದಾಗ ಮಾತ್ರ ಹಿಡಿಯಬೇಕಾಗಲಿಲ್ಲ. ಆ ಕೊನೆಯಲ್ಲಿ ನಾನೂ ಎದ್ದಿಲ್ಲ, ನನ್ನ ಮುಂದಿನ ಸಾಲಿನವರೂ ಎದ್ದಿಲ್ಲ, ಲೈಟ್ ಹಾಕಿದ ಮೇಲೂ. ಮನೆಯಲ್ಲಿ ಒಟಿಟಿಯಲ್ಲಾದರೆ ನನ್ನದೇ ಆಟ. ಇನ್ನೇನು ಗೋಡೌನು ಬರುತ್ತದೆ ಅನಿಸಿದ್ದೇ ರಿಮೋಟ್ ಒತ್ತಿ ಎದ್ದು ಹೋಗುತ್ತೇನೆ. ಪೂರ್ತಿ ನೋಡದ ಸಿನಿಮಾಗಳ ಸಾಲು ಟಿವಿಯಲ್ಲಿ ಬೆಳೆಯುತ್ತಾ ಉಂಟು, ಪ್ರತಿಯೊಂದರ ಕೆಳಗೂ ಕೆಂಪು ಗೆರೆ, ತುದಿಯಲ್ಲಿ ಒಂಚೂರು ಬಾಕಿ. ಹೆಂಡತಿಗೆ ಅದನ್ನು ನೋಡಿದರೆ ತೊಳೆಯದೆ ಬಿಟ್ಟ ಪಾತ್ರೆ ನೋಡಿದ ಹಾಗಾಗುತ್ತದಂತೆ.

ಒಂದು ಸಿನಿಮಾ ಮಾತ್ರ ಇಷ್ಟು ವರ್ಷ ಟಿವಿಯಲ್ಲೂ ಸಿಕ್ಕಿರಲಿಲ್ಲ. ಹೆಸರು ಬೇಡ. ಅಷ್ಟೇನೂ ಓಡಿದ್ದಲ್ಲ. ತಮ್ಮ ಮಾಡಿದ ತಪ್ಪನ್ನು ಅಣ್ಣ ತನ್ನ ಮೇಲೆ ಹಾಕಿಕೊಂಡಿರುತ್ತಾನೆ. ಕೋರ್ಟು ತುಂಬಿದೆ. ತಮ್ಮ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಾನೆ, ಒಳಗೆ ಹೋಗುತ್ತಾನೋ ಇಲ್ಲವೋ ಗೊತ್ತಿಲ್ಲ. ಜಡ್ಜ್ ಕನ್ನಡಕ ಒರೆಸಿ ಹಾಕಿಕೊಳ್ಳುತ್ತಾರೆ. ಅಲ್ಲಿಗೆ ಎಂಟೂವರೆ ಆಯಿತು, ನಾವು ಎದ್ದೆವು. ಆ ದಿನ ಬಸ್ಸಿನಲ್ಲಿ ಗೆಳೆಯ ಯಾರನ್ನೂ ಕೊಲ್ಲಲಿಲ್ಲ, ನಾನು ಯಾರನ್ನೂ ಉಳಿಸಲಿಲ್ಲ. ಇಬ್ಬರೂ ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದೆವು. ಅವನಿಗೂ ಒಬ್ಬ ಅಣ್ಣ ಇದ್ದ.

ಗೆಳೆಯ ಈಗ ದುಬೈಯಲ್ಲಿದ್ದಾನೆ. ಹೋದ ತಿಂಗಳು ಮಧ್ಯರಾತ್ರಿ ವಾಟ್ಸಪ್‌ನಲ್ಲಿ ಅವನ ಮೆಸೇಜ್ ಬಂತು. ಯೂಟ್ಯೂಬಿನ ಒಂದು ಲಿಂಕ್, ಅದರ ಕೆಳಗೆ ಒಂದು ಸಾಲು.

"ಪೂರ್ತಿ ಸಿಕ್ಕಿತು. ನೀನು ನೋಡ್ಬೇಡ ಮಾರಾಯ."

ಲಿಂಕ್ ಒತ್ತಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ತಮ್ಮ ಒಳಗೆ ಹೋದನಾ ಅಂತ ಮಾತ್ರ ಕೇಳಿದೆ. ನೀಲಿ ಟಿಕ್ ಬಂತು. ಅವನು ಟೈಪ್ ಮಾಡುತ್ತಿದ್ದಾನೆ ಅಂತ ತೋರಿಸಿತು. ಆಮೇಲೆ ಅದೂ ನಿಂತಿತು.